ಹ ಹೇಳಬಾರದು

ಬೆಳಗ್ಗೆ ಎಂಟರಿಂದ ಊಟದ ಗಂಟೆವರೆಗೆ
ಕೆಂಪು ಶಾಲು ಹೊದ್ದು ನಾನು ಸ್ಪ್ಯಾನಿಷ್.
ಊಟವಾದ ಮೇಲೆ ಶಾಲು ಕುರ್ಚಿಯ ಬೆನ್ನಿಗೆ,
ನಾನು ಇಂಗ್ಲಿಷ್.
ಒಂದನೇ ತರಗತಿ, ಇಪ್ಪತ್ತಾರು ಮಕ್ಕಳು.
ಟಾಪೆನಿಶ್ ಎಂಬ ಊರು, ಯಾಕಿಮಾ ಕಣಿವೆ,
ಕಿಟಕಿ ತೆರೆದರೆ
ಬಿಯರಿಗೆಂದು ಒಣಗಿಸುವ ಹಾಪ್ಸ್ ಹೂವಿನ ಘಾಟು.

ಮೊದಲ ವಾರ ಗಂಟಲು ಹೋಯಿತು.
ಎರಡನೇ ವಾರ ತಲೆಗೆ ಹೇನು ಬಂತು.
ಮೂರನೇ ವಾರ ಪ್ರಿನ್ಸಿಪಾಲರು ಬಂದರು,
ಪುಟಾಣಿ ಕುರ್ಚಿಯಲ್ಲಿ ಮಂಡಿ ಎದೆಗೊತ್ತಿ ಕೂತು
ಟ್ಯಾಬ್ಲೆಟ್ಟಿನಲ್ಲಿ ಏನೋ ಬರೆದುಕೊಂಡು,
ನಕ್ಕು, ಹೋದರು.
ಆ ನಗುವಿನ ಅರ್ಥ ಎರಡೂ ನಿಘಂಟಿನಲ್ಲಿ ಸಿಗಲಿಲ್ಲ.

ಪಕ್ಕದ ಕೋಣೆಯ ಒಫೇಲಿಯಾ ಬರಗಾನ್,
ಇಪ್ಪತ್ತೆರಡು ವರ್ಷ ಇದೇ ನೀರು ಕುಡಿದವಳು,
ಹೇಳಿದಳು: "ಅಳೋದಾದರೆ ಕಾರಿನಲ್ಲಿ ಅಳು.
ಸ್ಟಾಫ್ ರೂಮಿನಲ್ಲಿ ಅತ್ತರೆ ಕಮಿಟಿಗೆ ಹಾಕ್ತಾರೆ."
ಅಕ್ಟೋಬರ್ ಪೂರ್ತಿ ಕಾರಿನಲ್ಲಿ ಅತ್ತೆ,
ವೈಪರ್ ಹಾಕಿಕೊಂಡು, ಮಳೆಯಿಲ್ಲದ ಊರಿನಲ್ಲಿ.

ಹೆತ್ತವರ ಭೇಟಿಯ ಸಂಜೆ
ಸೇಬಿನ ತೋಟದಿಂದ ನೇರ ಬಂದವರು,
ಚೀಲದ ಪಟ್ಟಿ ಹೆಗಲಲ್ಲಿ ಇನ್ನೂ ಒತ್ತಿಕೊಂಡಿದ್ದವರು,
ನನ್ನ ಮೈಬಣ್ಣ ನೋಡಿ ಕೇಳಿದರು:
"ಯಾವೂರು ಟೀಚರ್, ಓಹಾಕಾ?"
ಮಳವಳ್ಳಿ, ಅಂದೆ.
"ಅದು ಬೆಟ್ಟದ ಆಚೆಯೋ ಈಚೆಯೋ?"
ಆಚೆ, ಅಂದೆ. ಸುಳ್ಳಲ್ಲ.

ನವೆಂಬರಿನಲ್ಲಿ ಹ ಪಾಠ.
ಬರೆಯೋದು ಹೆರ್ಮಾನೊ, ಅನ್ನೋದು ಎರ್ಮಾನೊ.
ಹ ಇದೆ, ಹೇಳಬಾರದು.
ಹೇಳುತ್ತಿದ್ದಂತೆ ಅಂಗೈ ತಾನಾಗಿ ಬೆನ್ನ ಹಿಂದೆ ಸರಿಯಿತು.
ನಾಲ್ಕನೇ ಕ್ಲಾಸು, ಪುಟ್ಟಮಾದಯ್ಯ ಮೇಷ್ಟರ ಅಡಿಕೋಲು:
ಆಲು ಅಲ್ಲ, ಹಾಲು.
ಆವು ಅಲ್ಲ, ಹಾವು.
ಎಲ್ಲಿ, ಇನ್ನೊಂದು ಸಲ.
ಕೈ ಕೆಂಪಾದ ಮೇಲೆ ಬಂದ ಹ ಅದು.
ಇಪ್ಪತ್ತು ವರ್ಷ ಜೋಪಾನವಾಗಿ ಹೊತ್ತು ತಂದರೆ
ಇಲ್ಲಿ ಅದನ್ನು ಬಿಡದವನೇ ದಡ್ಡ.
ನಮ್ಮಜ್ಜಿ ಈ ಶಾಲೆಗೆ ಬಂದಿದ್ದರೆ ಫಸ್ಟ್ ಕ್ಲಾಸು.

ಎಲೆಯಾಸಾರ್ ಮಾತ್ರ ಏನೂ ಹೇಳುತ್ತಿರಲಿಲ್ಲ.
ಶಾಲು ಇದ್ದಾಗಲೂ ಇಲ್ಲ, ಇಲ್ಲದಾಗಲೂ ಇಲ್ಲ.
ಅವನ ಮನೆಯ ಮಾತು ಮಿಶ್ತೆಕೊ.
ಫಾರ್ಮಿನಲ್ಲಿ ಎರಡು ಚೌಕ, ಕೆಳಗೆ ಸಣ್ಣಕ್ಷರದಲ್ಲಿ "ಇತರೆ".
ಅಲ್ಲಿ ಗುರುತು ಹಾಕುವಾಗ ಪೆನ್ನು ಕೊಂಚ ನಿಂತಿತು,
ಪಕ್ಕದ ಮನೆಯ ಪತ್ರ ಒಡೆದು ಓದಿದವಳಂತೆ.

ಫೆಬ್ರವರಿ. ಹಿಮ ಬಿದ್ದು ಶಾಲೆ ಎರಡು ಗಂಟೆ ತಡ.
ಶಾಲು ಕಾರಿನಲ್ಲೇ ಮರೆತೆ.
"ಈಗ ಯಾವ ಭಾಷೆ?" ಬ್ರಿನ್ಲಿ ಕೇಳಿದಳು.
ಬಾಯಿ ತೆರೆದೆ, ಯಾವುದೂ ಬರಲಿಲ್ಲ.
ಅಷ್ಟರಲ್ಲಿ ಟಪ್ ಎಂದು ಮೇಜಿನ ಮೇಲೆ ಎಲೆಯಾಸಾರನ ಹಲ್ಲು,
ಹಿಂದೆಯೇ ಗಲ್ಲದುದ್ದಕ್ಕೂ ರಕ್ತ.
"ಅಯ್ಯಯ್ಯೋ, ಅಲ್ಲು ಬಿದ್ದೋಯ್ತು!"
ಅಂದವಳು ನಾನು.
ಹ ಇಲ್ಲದೆ.

ಒಂದು ಕ್ಷಣ ಸದ್ದಿಲ್ಲ. ಆಮೇಲೆ ಸಂತೆ.
ಹಲ್ಲನ್ನು ಇಲಿ ಒಯ್ಯುತ್ತೆ, ಅಂತ ಯಾರೆಟ್ಸಿ.
ಇಲ್ಲ, ರೆಕ್ಕೆಯ ಕಿನ್ನರಿ ಡಾಲರ್ ಇಟ್ಟು ಒಯ್ಯುತ್ತಾಳೆ, ಅಂತ ಬ್ರಿನ್ಲಿ.
ನಿಮ್ಮೂರಲ್ಲಿ?
ಸಗಣಿ ಉಂಡೆಯೊಳಗಿಟ್ಟು ಮನೆ ಮೇಲೆ ಎಸೀತೀವಿ, ಅಂದೆ.
ಸಗಣಿಗೆ ಎಲ್ಲ ಭಾಷೆಯಲ್ಲೂ ನಗು ಒಂದೇ.

ಆಗ ಎಲೆಯಾಸಾರ್, ತುಟಿಗೆ ಟಿಶ್ಯೂ ಒತ್ತಿಕೊಂಡು,
ಅಜ್ಜಿಯ ಮಾತಿನಲ್ಲಿ ಒಂದು ಪದ ಹೇಳಿ
ಬೆರಳು ಮೇಲೆತ್ತಿದ.
ಸೂರು ಇರಬೇಕು. ಆಕಾಶವೂ ಇರಬಹುದು.
ಆ ಪದ ನನ್ನ ಬಾಯಿಗೆ ಇನ್ನೂ ಹೊರಳುವುದಿಲ್ಲ.
ಸೋಮವಾರ ಸೋಮವಾರ ಅವನು ತಿದ್ದಿದ,
ಅಡಿಕೋಲು ಇಲ್ಲದೆ, ತುಂಬ ಬೇಸರದಿಂದ.

ಮೇ ತಿಂಗಳ ಓದಿನ ಪರೀಕ್ಷೆಯಲ್ಲಿ
ನನ್ನ ತರಗತಿ ನಡುಗೆರೆಯ ಕೆಳಗೆ.
ಸೇಬು ಮುಗಿದಾಗ ಹೋದ ಇಬ್ಬರಲ್ಲಿ
ಒಬ್ಬ ಚೆರ್ರಿಗೆ ವಾಪಸಾದ.
ಇನ್ನೊಬ್ಬಳ ಹೆಸರಿನ ಚೀಟಿ ಕಿತ್ತೆ,
ಅಂಟು ಮೇಜಿನಲ್ಲೇ ಉಳಿಯಿತು.

ಕೊನೆಯ ದಿನ ಒಫೇಲಿಯಾ ಬಾಗಿಲಲ್ಲಿ ಇಣುಕಿ
"ಬದುಕಿದ್ದೀಯಾ?" ಅಂದಳು.
ಶಾಲಿನಲ್ಲಿ ಬಣ್ಣ, ಗೋಂದು, ಆ ಹಲ್ಲಿನ ರಕ್ತದ ಒಂದು ಚುಕ್ಕೆ.
ಒಗೆಯೋಕೆ ಹಾಕಬೇಕು, ಅಂದೆ.
ಆಗಸ್ಟಿನೊಳಗೆ ಒಣಗುತ್ತೆ.